ತಮ್ಮನ ಟಿವಿ ಗೇಮಿಗೆ ನಾನು ಮಾಡಿದ ಪೂಜೆ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಸಿಂಧನೂರು ಕಡೆ ಭತ್ತದ ಕೊಯ್ಲು ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ನನ್ನ ತಮ್ಮ ಅಮರೇಶನಿಗೆ ಲಕ್ವಾ ಹೊಡೆಯಿತು. ಅವನಿಗಿನ್ನೂ ಮೂವತ್ತೆಂಟು. ಬಳಗಾನೂರಿನಲ್ಲಿ ಭತ್ತ ಕೊಯ್ಯುವ ಮಷೀನಿನ ಡ್ರೈವರು. ಸುಗ್ಗಿಯಲ್ಲಿ ಊಟಕ್ಕೂ ಮಷೀನಿನಿಂದ ಕೆಳಗಿಳಿಯದ ಆಸಾಮಿ. ಅಂಥವನು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದ. ಮಾತು ಬಂದಿತ್ತು, ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದ. ಎಡಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಈ ಕೈಗೆ ದಿನಾಲೂ ಕೆಲ್ಸ ಕೊಡ್ಬೇಕ್ರಿ. ಮೊದಲಿನ ತಿಂಗಳುಗಳೇ ಮುಖ್ಯ. ಈಗ ಸುಮ್ನ ಬಿಟ್ರ ಆಮ್ಯಾಲ ಬೆರಳು ಮಾತು ಕೇಳಂಗಿಲ್ಲ." ಹಿಸುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟರು. ಅವನ ಹೆಂಡತಿಗೆ ಎರಡು ಸಣ್ಣ ಮಕ್ಕಳು, ಮೇಲೆ ಗದ್ದೆ ಕೂಲಿ. ನಾನು ಮಸ್ಕಿಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು. ಹೊಲಿಯುತ್ತಲೇ ಇವನ ಮೇಲೆ ಕಣ್ಣಿಡಬಹುದು ಎಂದು ಕೈ ಸರಿಹೋಗುವ ತನಕ ಅವನನ್ನು ನಮ್ಮ ಮನೆಗೇ ಕರೆತಂದೆ.

ಚೆಂಡು ಮೂರು ದಿನ ಬಾಳಿತು. ಬಲಗೈಯಿಂದ ಎಡಗೈಯೊಳಗೆ ಇಟ್ಟುಕೊಳ್ಳುವುದು, ಅದು ಜಾರುವುದು, ಉರುಳಿ ನನ್ನ ಹೊಲಿಗೆ ಮಷೀನಿನ ಕೆಳಗೆ ಹೋಗುವುದು, ನಾನು ಬಗ್ಗಿ ತೆಗೆದುಕೊಡುವುದು. ನಾಲ್ಕನೇ ದಿನ ಅದನ್ನು ಎತ್ತಿ ಪಕ್ಕದ ಮನೆಯ ಮಾಳಿಗೆ ಮೇಲೆ ಒಗೆದ. "ನಾ ಏನ್ ಸಣ್ಣ ಕೂಸಾ, ಚಂಡಾಟ ಆಡಾಕ?" ಎಂದವನೇ ಗೋಡೆ ಕಡೆ ಮುಖ ಮಾಡಿ ಮಲಗಿದ. ನಾನು ಬೈದೆ, ಬೇಡಿಕೊಂಡೆ. ಊಹೂಂ. ಹೀಗೇ ಒಂದು ವಾರ ಹೋಯಿತು. ದಿನಗಳು ಕೈಜಾರುತ್ತಿವೆ, ಇವನು ಎದ್ದೇಳುತ್ತಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆ ಹತ್ತಿತು.

ಒಂದು ದಿನ ಬೆಳಿಗ್ಗೆ ಅಲಮಾರಿನ ಮೇಲೆ ನೋಡುತ್ತ ಅವನೇ ಕೇಳಿದ, "ಯಕ್ಕಾ, ಆ ಟಿವಿ ಗೇಮ್ ಇನ್ನೂ ಐತೇನು?"

ಮನೆಗೆ ಬಂದ ಮೇಲೆ ಅವನಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇಲ್ಲದೆ ಏನು? ನಾವು ಲಿಂಗಸೂಗೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ರಾಯಚೂರಿನಿಂದ ತಂದುಕೊಟ್ಟಿದ್ದು. ಎರಡು ರಿಮೋಟು, ಮೇಲಿನಿಂದ ಸಿಕ್ಕಿಸುವ ಒಂದು ಹಳದಿ ಕ್ಯಾಸೆಟ್ಟು, ಅದರಲ್ಲಿ ಟ್ಯಾಂಕಿನ ಆಟ. ಎಡಗೈ ಹೆಬ್ಬೆರಳಿನಿಂದ ಟ್ಯಾಂಕ್ ಓಡಿಸಬೇಕು, ಬಲಗೈಯಿಂದ ಗುಂಡು ಹಾರಿಸಬೇಕು. ಮೊದಲನೇ ರಿಮೋಟು ಯಾವಾಗಲೂ ಅವನದೇ. ಎರಡನೆಯದು ನನ್ನದು, ಮೊದಲು ಸಾಯುವುದೂ ನಾನೇ. ಅಪ್ಪ ತೀರಿಕೊಂಡು ಆ ಮನೆ ಬಿಡುವಾಗ ಭಾಂಡೆ ಸಾಮಾನು ಎಲ್ಲೆಲ್ಲಿಗೋ ಹೋದವು. ನಾನು ನನ್ನ ಹೊಲಿಗೆ ಮಷೀನು ಮತ್ತು ಈ ಟಿವಿ ಗೇಮು ಎರಡನ್ನೇ ತಂದಿದ್ದೆ. ಹದಿನೈದು ವರ್ಷ ಅಲಮಾರಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು.

ಇಳಿಸಿ, ಟಿವಿಗೆ ವೈರು ಸಿಕ್ಕಿಸಿ, ಸ್ವಿಚ್ ಹಾಕಿದೆ. ಕೆಂಪು ಲೈಟೇ ಹತ್ತಲಿಲ್ಲ. ಕ್ಯಾಸೆಟ್ ತೆಗೆದು ಊದಿದೆ, ನಾವು ಚಿಕ್ಕವರಿದ್ದಾಗ ಎಲ್ಲಕ್ಕೂ ಅದೇ ಮದ್ದು. ಕೆನ್ನೆ ನೋವು ಬಂತೇ ಹೊರತು ಲೈಟು ಬರಲಿಲ್ಲ. ನಮ್ಮ ಮನೆಯವರು ಅದೇ ಥರದ ಆಟವನ್ನು ಮೊಬೈಲಿನಲ್ಲಿ ಹಾಕಿಕೊಟ್ಟರು. ಅಮರೇಶ ಎರಡು ಸಲ ಎಡಗೈ ಹೆಬ್ಬೆರಳು ಗಾಜಿನ ಮೇಲೆ ಆಡಿಸಿ ಮೊಬೈಲ್ ಕೆಳಗಿಟ್ಟ. "ಒತ್ತಿದ್ದು ಬೆರಳಿಗೆ ಗೊತ್ತಾಗಂಗಿಲ್ಲ ಮಾಮಾ. ಇದು ಬ್ಯಾಡ."

ಮಸ್ಕಿಯಲ್ಲಿ ಅದನ್ನು ಬಿಚ್ಚಿ ನೋಡುತ್ತೇನೆ ಎಂದವರು ಒಬ್ಬರೂ ಸಿಗಲಿಲ್ಲ. ಲಿಂಗಸೂಗೂರಿಗೆ ಹೋದೆ. ಅಲ್ಲೊಬ್ಬರು ಬೇರೆ ಅಡಾಪ್ಟರ್ ಹಾಕಿದರು, ಕೆಂಪು ಲೈಟು ಹತ್ತಿತು! ನನಗೆ ಕುಣಿಯುವಷ್ಟು ಖುಷಿ. ಆದರೆ ಟಿವಿಯಲ್ಲಿ ಬರೀ ಬೂದಿ ಬಣ್ಣ. ಅವರು ಒಂದೆರಡು ಸಲ ತಟ್ಟಿ ನೋಡಿ, "ಬೋರ್ಡ್ ಹೋಗೈತ್ರಿ ಅಕ್ಕಾರ. ಗುಜರಿಗೆ ಹಾಕ್ರಿ, ಹೊಸಾದು ಒಯ್ರಿ" ಎಂದರು.

ಆ ಅಡಾಪ್ಟರ್ ಮಾತ್ರ ಕೊಂಡು, ಸಂಜೆ ಬಂದು ಇದ್ದದ್ದು ಇದ್ದಹಾಗೆ ಅಮರೇಶನಿಗೆ ಹೇಳಿದೆ. ಹೇಳಬಾರದಿತ್ತು. ಅವನು ನಕ್ಕ.

"ಅದಕ್ಕೂ ನನ್ನಂಗ ಆಗೈತಿ ಬಿಡು ಯಕ್ಕಾ. ಲೈಟು ಹತ್ತತೈತಿ, ಕೆಲ್ಸ ಆಗಂಗಿಲ್ಲ."

ಇನ್ನು ಹೊಸದು ತಂದುಕೊಟ್ಟರೆ ಅವನ ಮಾತೇ ನಿಜ ಎಂದು ಒಪ್ಪಿಕೊಂಡ ಹಾಗೆ. ಮರುದಿನ ಅಡುಗೆ ಮಾಡಿಟ್ಟು, ಟಿವಿ ಗೇಮಿನ ಡಬ್ಬವನ್ನು ಹಳೇ ಸೀರೆಯಲ್ಲಿ ಗಂಟುಕಟ್ಟಿ, ಸಿಂಧನೂರಿನ ಬಸ್ಸು ಹತ್ತಿದೆ.

ಸಿಂಧನೂರಿನಲ್ಲಿ ಮೂರು ಮೊಬೈಲ್ ಅಂಗಡಿಯವರು ಗಂಟು ಬಿಚ್ಚಿಸಿ, ನೋಡಿ, ನಕ್ಕು ಕಳಿಸಿದರು. ನಾಲ್ಕನೆಯವನು ಮಾತ್ರ, "ಇದಕ್ಕ ಖಾಜಾಸಾಬ್ರೇ ಬೇಕ್ರಿ" ಎಂದು ಒಂದು ಓಣಿ ತೋರಿಸಿದ. ಒಂದು ಮಂಚದಷ್ಟೇ ಅಗಲದ ಅಂಗಡಿ. ಗೋಡೆ ತುಂಬ ಹಳೆಯ ರೇಡಿಯೋ, ಟೇಪು, ಒಂದು ಡಬ್ಬಾ ಟಿವಿ. ನಡುವೆ ಬಿಳಿ ಗಡ್ಡದ ಒಬ್ಬರು ಫೋನಿನಲ್ಲಿ "ಆತೂಂ ಬೋಲ್ಯಾ ನಾ, ಠೈರೋ ಜರಾ" ಎಂದು, ಈಗ ಬಂದೆ ಸ್ವಲ್ಪ ತಡಿ ಎನ್ನುತ್ತ, ಊಟಕ್ಕೆ ಕರೆದ ಮನೆಯವರಿಗೆ ಸಮಾಧಾನ ಹೇಳುತ್ತಿದ್ದರು. ಊಟಕ್ಕೆ ಎದ್ದಿದ್ದವರು ನನ್ನ ಗಂಟು ನೋಡಿ ಮತ್ತೆ ಕೂತರು.

ಅವರು ಸ್ಕ್ರೂ ಡ್ರೈವರ್ ಮುಟ್ಟಲಿಲ್ಲ. ಮೊದಲು ಡಾಕ್ಟರ ಹಾಗೆ ಕೇಳತೊಡಗಿದರು.

"ಕಡೀಗೆ ಯಾವಾಗ ನಡೆದಿತ್ತು ತಂಗಿ?"

"ಹದಿನೈದು ವರ್ಷ ಆತ್ರಿ ಚಾಚಾ."

"ನೀರು ಬಿದ್ದಿತ್ತೇನು? ಇಲಿ, ಜೊಂಡಿಗ್ಯಾ?"

"ಏನೂ ಇಲ್ರಿ. ಅಲಮಾರಿನ ಮ್ಯಾಲ ಇಟ್ಟಾಕಿ, ಯಾರೂ ಕೈ ಹಚ್ಚಿಲ್ಲ."

ಅವರು ಕ್ಯಾಸೆಟ್ ತೆಗೆದು, ಅದು ಕೂರುವ ಸಂದಿಗೆ ಮೂಗು ಹಿಡಿದು ವಾಸನೆ ನೋಡಿದರು. ಹುಬ್ಬು ಮೇಲೇರಿತು. ಪೇಪರ್ ಹಾಸಿ, ಡಬ್ಬವನ್ನು ಬೋರಲು ಹಾಕಿ ಹಿಂದಿನಿಂದ ಮೆಲ್ಲಗೆ ತಟ್ಟಿದರು. ಬಿಳಿ ಪುಡಿ, ಕೆಂಪು ಪುಡಿ, ಒಣಗಿದ ಚೆಂಡುಹೂವಿನ ಎಸಳು ಉದುರಿದವು. ಅವರು ಪೇಪರ್ ನೋಡಿದರು, ನನ್ನ ಹಣೆ ನೋಡಿದರು.

"ಯಾರೂ ಕೈ ಹಚ್ಚಿಲ್ಲಾ?"

ಭೂಮಿ ಬಾಯಿ ತೆರೆಯಬಾರದೇ ಅನಿಸಿತು. ಕೈ ಹಚ್ಚಿದವಳು ನಾನೇ! ಪ್ರತಿ ವರ್ಷ ಆಯುಧ ಪೂಜೆಗೆ ಹೊಲಿಗೆ ಮಷೀನು, ಕತ್ತರಿ, ನಮ್ಮವರ ಬೈಕಿನ ಜೊತೆ ಇದನ್ನೂ ಇಳಿಸಿ ಪೂಜಿಸುತ್ತಿದ್ದೆ. ತಮ್ಮನದು, ಅಪ್ಪ ತಂದದ್ದು, ಇದೂ ಒಂದು ಮಷೀನೇ ಅಲ್ಲವೇ? ನಾವು ದರ್ಜಿಗಳು ಮಷೀನಿನೊಳಗೆ ದಾರದ ಉಂಡೆ ಕೂರುವ ಬಾಬಿನ್ ಕೇಸನ್ನೂ ಬಿಚ್ಚಿ, ಒರೆಸಿ, ಅದಕ್ಕೂ ಬೇರೆ ವಿಭೂತಿ ಹಚ್ಚುವವರು. ಅದೇ ರೂಢಿಯಲ್ಲಿ ಕ್ಯಾಸೆಟ್ ಬಿಚ್ಚಿ ಅದಕ್ಕೊಂದು ಬೊಟ್ಟು, ಡಬ್ಬಕ್ಕೆ ಮೂರು ಬೆರಳು ವಿಭೂತಿ, ಹೂವಿನಿಂದ ನೀರು ಚಿಮುಕಿಸಿ, ಮೇಲೊಂದು ಹಿಡಿ ಅಕ್ಷತೆ. ಕ್ಯಾಸೆಟ್ ಬಿಚ್ಚಿದ ಸಂದಿ ಬಾಯಿ ತೆರೆದು ಕೂತಿರುತ್ತಿತ್ತಲ್ಲ, ಹದಿನೈದು ವರ್ಷ ಅದೆಲ್ಲ ಅದರೊಳಕ್ಕೇ ಹೋಗಿದೆ. ದೇವರ ಹೆಸರಿನಲ್ಲಿ ನಾನೇ ಅದರ ಗಂಟಲು ಮುಚ್ಚಿದ್ದೆ.

ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಖಾಜಾಸಾಬರು ನಗಲಿಲ್ಲ, ಗಡ್ಡದೊಳಗೇ ಏನೋ ನುಂಗಿಕೊಂಡರು. "ಪೂಜಾ ಮಾಡ್ರಿ ತಂಗಿ, ತಪ್ಪಿಲ್ಲ. ಹಣಿಗೆ ಹಚ್ರಿ, ಬಾಯಾಗ ಹಾಕಬ್ಯಾಡ್ರಿ."

ಆಮೇಲೆ ಬಿಚ್ಚಿದರು. ಬೋರ್ಡಿಗೆ ಏನೂ ಆಗಿರಲಿಲ್ಲ. ಸಂದಿಯೊಳಗೆ ಕೂದಲಿನಷ್ಟು ಸಣ್ಣ ಹಿತ್ತಾಳೆ ಕಡ್ಡಿಗಳ ಸಾಲು. ಕ್ಯಾಸೆಟ್ಟು ಅವಕ್ಕೆ ತಾಗಿದರೇ ಆಟ ಬರುವುದಂತೆ. ವಿಭೂತಿ ನೀರಿನಲ್ಲಿ ಕಲೆತು ಗಾರೆಯಾಗಿ ಅವುಗಳ ಮೇಲೆ ಕೂತಿತ್ತು. ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರು. ಮೂಲೆಯಲ್ಲಿ ಏನೋ ಸಿಕ್ಕಿಬಿದ್ದಿತ್ತು, ಅವರ ಚಿಮಟಕ್ಕೆ ಬರುತ್ತಿರಲಿಲ್ಲ.

"ಸಣ್ಣ ಸೂಜಿ ಇದ್ರ..." ಎಂದರು. ದರ್ಜಿಯ ಹತ್ತಿರ ಸೂಜಿಗೆ ಬರವೇ? ತಾಳಿಯ ಪಿನ್ನಿನಲ್ಲಿ ಸಿಕ್ಕಿಸಿಕೊಂಡಿದ್ದ ಹತ್ತನೇ ನಂಬರಿನ ಸೂಜಿ ತೆಗೆದುಕೊಟ್ಟೆ. ಅದರ ತುದಿಯಿಂದ ಎಬ್ಬಿಸಿ ತೆಗೆದರೆ ಒಂದು ಅಕ್ಕಿಕಾಳು! ಅರಿಶಿನದ ಬಣ್ಣ ಇನ್ನೂ ಇತ್ತು. ಈಗ ಮಾತ್ರ ಅವರು ಬಾಯಿ ತುಂಬ ನಕ್ಕರು. "ಸಿಂಧನೂರು ಸೀಮ್ಯಾಗ ಎಲ್ಲೆಲ್ಲಿ ಭತ್ತ ಬೆಳಿತಾರ ಅಂತ ನಂಗ ಗೊತ್ತಿತ್ತು. ಇದ್ರಾಗೂ ಬೆಳಿತಾರ ಅಂತ ಗೊತ್ತಿದ್ದಿಲ್ಲ ನೋಡ್ರಿ!" ನಾನೂ ನಕ್ಕೆ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಕಾಳಿಗೆ ಸಿಕ್ಕಿ ಬಾಗಿದ್ದ ಕಡ್ಡಿಗಳನ್ನು ಅದೇ ಸೂಜಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದರು.

ಡಬ್ಬಾ ಟಿವಿಗೆ ಹಚ್ಚಿ ಸ್ವಿಚ್ ಹಾಕಿದಾಗ ಹಳೆಯ ಆ ಸಂಗೀತ ಕೇಳಿ ನನ್ನ ಎದೆ ಹಗುರಾಯಿತು. ಸತ್ತಿರಲಿಲ್ಲ. ಸತ್ತಿದೆ ಎಂದವರದೇ ತಪ್ಪು.

"ಯಾರು ಆಡವ್ರು?" ಎಂದು ಕೇಳಿದರು. ತಮ್ಮನ ಕೈ ವಿಷಯ ಹೇಳಿದೆ. ಅವರು ಕಟ್ಟಲು ಹೊರಟಿದ್ದ ಗಂಟನ್ನು ಮತ್ತೆ ಬಿಚ್ಚಿ ಮೊದಲನೇ ರಿಮೋಟು ತೆರೆದರು. ಗುಂಡಿಗಳ ಕೆಳಗಿದ್ದ ಗಟ್ಟಿ ರಬ್ಬರ್ ತೆಗೆದು, ಯಾವುದೋ ಹಳೆಯ ರಿಮೋಟಿನ ಸವೆದ ಮೆತ್ತನೆಯ ರಬ್ಬರ್ ಹಾಕಿದರು. "ಈಗ ಹಂಗ ತಾಕಿದ್ರೂ ತಗೋತೈತಿ. ಕೈಗೆ ತಾಕತ್ತು ಬಂದ್ಮ್ಯಾಲ ಗಟ್ಟಿದು ಹಾಕೂನು" ಎಂದು ಹಳೆಯ ರಬ್ಬರನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅವರ ಮನೆಯಿಂದ ಮತ್ತೆ ಫೋನು ಬರುತ್ತಲೇ ಇತ್ತು. ಅವರ ಊಟ ತಣ್ಣಗೆ ಮಾಡಿದ್ದಕ್ಕೆ ಕ್ಷಮೆ ಕೇಳಿ ಬಂದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಡಬ್ಬವನ್ನು ಟಿವಿಗೆ ಹಚ್ಚಿದೆ. ಸಂಗೀತ ಕೇಳಿ ಅಮರೇಶ ಗೋಡೆ ಕಡೆಯಿಂದ ಈ ಕಡೆ ಹೊರಳಿದ. ಮೊದಲನೇ ರಿಮೋಟನ್ನು ಅವನ ತೊಡೆಯ ಮೇಲಿಟ್ಟು, ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲೆ ಕೂರಿಸಿ, ನಾನು ಎರಡನೆಯದು ಹಿಡಿದೆ. ಅವನ ಟ್ಯಾಂಕು ನಿಂತಲ್ಲೇ ನಿಂತಿತ್ತು. ನಾನು ಎಂದಿನಂತೆ ಎಡವಟ್ಟು ಮಾಡಿ ನನ್ನ ಟ್ಯಾಂಕನ್ನು ಅವನ ಟ್ಯಾಂಕಿನ ಬಾಯಿಗೇ ತಂದು ನಿಲ್ಲಿಸಿದೆ. ಬೇಕೆಂದೇ ಮಾಡಿದ್ದಲ್ಲ, ನನಗೆ ಬರುವುದೇ ಅಷ್ಟು.

"ಯಕ್ಕಾ, ಆ ಕಡಿ ಸರಿ! ಎದುರಿಗೆ ವೈರಿ ಬರಾಕತ್ತಾನ... ಸರಿ ಅಂದ್ನೆಲ್ಲ!"

ನಾನು ಸರಿಯಲಿಲ್ಲ, ಗಾಬರಿಯಲ್ಲಿ ಯಾವ ಗುಂಡಿ ಎಂದೇ ಮರೆತಿದ್ದೆ. ಆಗ ಅವನ ಟ್ಯಾಂಕು ತಾನೇ ಅಲುಗಿತು. ಒಂದು ಅಂಗುಲ ಎಡಕ್ಕೆ. ನಾನು ಟಿವಿ ಬಿಟ್ಟು ಅವನ ಹೆಬ್ಬೆರಳನ್ನೇ ನೋಡಿದೆ. ಅವನೂ ಅದನ್ನೇ ನೋಡುತ್ತಿದ್ದ. ವೈರಿ ಬಂದು ಇಬ್ಬರನ್ನೂ ಹೊಡೆದುಹಾಕಿದ, ನಮಗೆ ಅದರ ಪರಿವೆಯೇ ಇರಲಿಲ್ಲ.

"ಇನ್ನೊಮ್ಮಿ ಹಾಕು," ಎಂದ ಅಮರೇಶ.

ಆ ಮೇಲೆ ಅವನನ್ನು ಎಬ್ಬಿಸಬೇಕಾಗಲಿಲ್ಲ, ಮಲಗಿಸುವುದೇ ಕಷ್ಟವಾಯಿತು. ಮೂರು ತಿಂಗಳಿಗೆ ಗಟ್ಟಿ ರಬ್ಬರ್ ಹಾಕಿಸಲು ಅವನೇ ನನ್ನ ಜೊತೆ ಸಿಂಧನೂರಿಗೆ ಬಂದ. ಹೋದ ಸುಗ್ಗಿಗೆ ಮಷೀನು ಹತ್ತಿದ್ದಾನೆ, ಈಗ ಊಟಕ್ಕೆ ಕೆಳಗಿಳಿಯುತ್ತಾನೆ, ಹಾಗೆಂದು ನಾನು ಆಣೆ ಹಾಕಿಸಿಕೊಂಡಿದ್ದೇನೆ. ಯಾವುದನ್ನೇ ಆಗಲಿ, ಒಳಗೆ ಇಣುಕಿ ನೋಡದೆ ಸತ್ತಿದೆ ಎನ್ನಬಾರದು ಎಂಬುದನ್ನು ಖಾಜಾಸಾಬರಿಂದ ಕಲಿತೆ.

ಈ ಸಲದ ಆಯುಧ ಪೂಜೆಗೆ ಅವನು ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಟಿವಿ ಗೇಮನ್ನು ಇಳಿಸಿದೆ, ಕ್ಯಾಸೆಟ್ ಮಾತ್ರ ಬಿಚ್ಚಲಿಲ್ಲ. ಡಬ್ಬದ ಹಣೆಗಷ್ಟೇ ವಿಭೂತಿ ಹಚ್ಚಿದೆ. ಅಕ್ಷತೆ ಕೈಯಲ್ಲಿ ಹಿಡಿದು ಹಾಕಲೋ ಬೇಡವೋ ಎಂದು ನಿಂತೆ. ಅಮರೇಶ ಮುಂದೆ ಬಂದು ಕ್ಯಾಸೆಟ್ಟಿನ ಸುತ್ತ ಸಂದಿ ಮುಚ್ಚುವಂತೆ ತನ್ನ ಎಡಗೈಯನ್ನು ಅಡ್ಡ ಇಟ್ಟ. ಐದೂ ಬೆರಳು ಅಗಲವಾಗಿ ಬಿಚ್ಚಿದ್ದವು.

"ಹಾಕು ಯಕ್ಕಾ ಈಗ," ಎಂದ.

ಹಿಡಿಯಷ್ಟೂ ಅಕ್ಷತೆಯನ್ನು ಆ ಕೈಯ ಮೇಲೇ ಹಾಕಿದೆ.