ಆರು ಕಟ್ಟು ನೂಲಿನೊಡನೆ ದೊಡ್ಡಬಳ್ಳಾಪುರಕ್ಕೆ

ಬೆಂಗಳೂರಿನ ಮಾರುಕಟ್ಟೆಯ ಬಳಿ ಬಸ್ಸು ಹತ್ತಿದಾಗ ಬೆಳಗಿನ ಏಳು ಗಂಟೆ. ದೊಡ್ಡಬಳ್ಳಾಪುರಕ್ಕೆ ಇಪ್ಪತ್ತೈದು ಮೈಲಿ, ತಲೆಗೆ ಹತ್ತಾಣೆ. ಕಾಶಿ ರಾಮೇಶ್ವರಕ್ಕೆ ಹೋಗಿಬಂದವರು ಕಥೆ ಬರೆಯುತ್ತಾರೆ, ಇವಳದೇನು ದೊಡ್ಡ ಪ್ರವಾಸ ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆ ದಿನ ನಾನು ಪಟ್ಟ ಹೆದರಿಕೆಯನ್ನು ಕಾಶಿಗೆ ಹೋದವರು ಯಾರೂ ಪಟ್ಟಿರಲಾರರು.

ಜೊತೆಗಿದ್ದವರು ನನ್ನ ಅತ್ತಿಗೆ. ಅವರ ಯಜಮಾನರು, ಎಂದರೆ ನನ್ನ ಅಣ್ಣ, ದೇಶವೆಲ್ಲ ಬಲ್ಲ ಮುಖಂಡ. ಚಳವಳಿ ಶುರುವಾದಾಗ ಹಿಡಿದು ಬೆಂಗಳೂರಿನ ಸೆರೆಮನೆಯಲ್ಲೇ ಇಟ್ಟಿದ್ದರು. ಅತ್ತಿಗೆ ಮದುವೆಯಾಗಿ ಬಂದಾಗ ಎರಡು ಪೆಟ್ಟಿಗೆ ತುಂಬ ಪರದೇಶದ ರೇಷ್ಮೆ ತಂದಿದ್ದರಂತೆ. ಅದನ್ನೆಲ್ಲ ಬಿಟ್ಟು, ಹೆಗಲ ಮೇಲೆ ಮಗ್ಗದ ಸೀರೆಗಳನ್ನು ಹೊತ್ತು ಮನೆಮನೆಗೆ ಮಾರಿದ್ದನ್ನು ನಾನೇ ಕಂಡಿದ್ದೇನೆ. ದೊಡ್ಡ ದೊಡ್ಡ ಸಭೆಗಳಲ್ಲಿ ಉಳಿದ ಮುಖಂಡರ ಹೆಂಡಿರು ಜಾರುವ ಬಟ್ಟೆ ಉಟ್ಟು ಕೂತಿದ್ದರೆ ಇವರು ಒರಟು ಅಂಚಿನ ಸೀರೆಯಲ್ಲಿ ಕೂತು, ಪಕ್ಕದವರಿಗೆ ಅದನ್ನು ನೇಯ್ದವನ ಹೆಸರು ಹೇಳುತ್ತಿದ್ದರು. ಯಾವ ಊರಿಗೆ ಹೋದರೂ ದೇವಸ್ಥಾನಕ್ಕಿಂತ ಮೊದಲು ನೇಕಾರರ ಬೀದಿ ಎಲ್ಲಿ ಎಂದು ಕೇಳುವ ಹೆಂಗಸು.

ಸೆರೆಮನೆಯಿಂದ ಕಾಗದ ಬರುವುದನ್ನು ನಿಲ್ಲಿಸಿಬಿಟ್ಟಿದ್ದರು, ಭೇಟಿಯೂ ಇರಲಿಲ್ಲ. ಅಣ್ಣ ತಕಲಿಯಲ್ಲಿ, ಎಂದರೆ ಕೈಯಲ್ಲೇ ತಿರುಗಿಸುವ ಕದಿರಿನಲ್ಲಿ, ನೂತ ನೂಲು ಮಾತ್ರ ತಿಂಗಳಿಗೊಂದು ಕಟ್ಟು ಮನೆಗೆ ಬರುತ್ತಿತ್ತು, ಮೇಲೆ ಅವನ ಹೆಸರಿನ ಚೀಟಿ. ನೂಲು ಬರುತ್ತಿರುವವರೆಗೂ ಯಾರ ಬಾಗಿಲಿಗೂ ಹೋಗುವುದಿಲ್ಲ, ನಿಂತ ದಿನ ಸೆರೆಮನೆಯ ಬಾಗಿಲಲ್ಲೇ ಹೋಗಿ ನಿಲ್ಲುತ್ತೇನೆ ಎಂದು ಅತ್ತಿಗೆ ಹೇಳಿಟ್ಟಿದ್ದರು. ಆರನೆಯ ತಿಂಗಳು ನೂಲು ಬರಲಿಲ್ಲ. ಬದಲಿಗೆ ಬಿಡುಗಡೆಯಾದವರೊಬ್ಬರು ಬಂದರು. ಅತ್ತಿಗೆ ಮನೆಯಲ್ಲಿರಲಿಲ್ಲ. ಅಣ್ಣನಿಗೆ ಜ್ವರ, ಒಳಗಿನ ಆಸ್ಪತ್ರೆಗೆ ಹಾಕಿದ್ದಾರೆ, ಅತ್ತಿಗೆಯವರಿಗೆ ತಿಳಿಸಬೇಡಿ ಎಂದು ನನ್ನ ಕಿವಿಗೆ ಹಾಕಿ ಹೋದರು.

ನಾನೇನು ಮಾಡಿದೆ? ಸತ್ಯವನ್ನೇ ಬರೆಯುತ್ತೇನೆ. ಆ ದಿನಗಳಲ್ಲಿ ಸೆರೆಮನೆಯ ಬಾಗಿಲಲ್ಲಿ ನಿಂತವರನ್ನೂ ಹಿಡಿದೊಯ್ಯುತ್ತಿದ್ದರು. ಅತ್ತಿಗೆಯೂ ಹೋದರೆ, ವಾರಕ್ಕೆರಡು ಸಲ ಪೊಲೀಸರು ಬಂದು ಜಾಲಾಡುವ ಆ ಮನೆಯಲ್ಲಿ ಗಂಡ ಸತ್ತ ನಾನೊಬ್ಬಳೇ. ಅಟ್ಟದ ಚರಕ ಇಳಿಸಿ, ಕದ್ದು ಒಂದು ಕಟ್ಟಿಗಾಗುವಷ್ಟು ನಾಲ್ಕು ಲಡಿ ನೂತು, ಹಳೆಯ ಚೀಟಿ ಕಟ್ಟಿ, ಸೆರೆಮನೆಯಿಂದ ಬಂತು ಎಂದುಬಿಟ್ಟೆ. ಅತ್ತಿಗೆ ಅದನ್ನು ಕಣ್ಣಿಗೊತ್ತಿಕೊಂಡರು. ಆರು ಕಟ್ಟಾಯಿತು, ಸೀರೆಗೆ ಸಾಕು, ದೊಡ್ಡಬಳ್ಳಾಪುರದ ನೇಕಾರ ನಂಜಪ್ಪನ ಹತ್ತಿರ ನೇಯಿಸೋಣ ನಡಿ ಎಂದರು.

ಪೆಟ್ರೋಲಿಲ್ಲದ ಯುದ್ಧಕಾಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದರೆ ಇಳಿದು ನಡೆಯಬೇಕು. ಯಲಹಂಕದ ಬಳಿ ಮಿಲಿಟರಿ ಲಾರಿಗಳ ಸಾಲಿಗಾಗಿ ಅರ್ಧ ಗಂಟೆ ನಿಂತೆವು. ಅಲ್ಲೊಬ್ಬ ಪೊಲೀಸಿನವನು ಹತ್ತಿ, ಖಾದಿ ಕಂಡದ್ದೇ ತಡ, ಗಂಟಿನಲ್ಲೇನು ಎಂದು ಅತ್ತಿಗೆಯನ್ನು ಕೇಳಿದ. ಯಜಮಾನರು ನೂತ ನೂಲು ಎಂದರು ಅತ್ತಿಗೆ. ಅವನು ಹಿಸುಕಿ ನೋಡಿದ. ಕಸಿದುಕೊಂಡು ಹೋಗಲಪ್ಪಾ ದೇವರೇ ಎಂದು ನಾನು ಬೇಡಿಕೊಂಡೆ. ಹಾಳಾದವನು ಅವತ್ತೇ ಮರ್ಯಾದಸ್ಥನಾಗಬೇಕೆ? ಕೈಮುಗಿದು ಇಳಿದುಹೋದ.

ರಾಜಾನುಕುಂಟೆ ದಾಟಿದ ಮೇಲೆ ಮಂಜು ಕರಗಿ ರಾಗಿಯ ಹೊಲಗಳು ಕಂಡವು. ಅತ್ತಿಗೆ ಹುಳಿಯನ್ನದ ಪೊಟ್ಟಣ ಬಿಚ್ಚಿದರು. ನನಗೆ ತುತ್ತು ಇಳಿಯಲಿಲ್ಲ. ಯಾಕೆ, ಬಸ್ಸು ಆಗಿಬರೋದಿಲ್ಲವೆ ಎಂದು ಬೆನ್ನು ಸವರಿದರು. ಕುಂಬಳಕಾಯಿ ಕಳ್ಳನ ಹಾಗೆ ಮೈಯೆಲ್ಲ ಹಿಡಿಯಾಗಿ ಕೂತಿದ್ದೆ. ನೂಲು ನೂಲೇ ತಾನೆ, ಯಾರಿಗೆ ಗೊತ್ತಾಗುತ್ತದೆ ಎಂದು ನೂರು ಸಲ ಹೇಳಿಕೊಂಡೆ.

ಹನ್ನೊಂದು ಗಂಟೆಗೆ ದೊಡ್ಡಬಳ್ಳಾಪುರ ಮುಟ್ಟಿದೆವು. ನೇಕಾರರ ಬೀದಿಯಲ್ಲಿ ಅರ್ಧಕ್ಕರ್ಧ ಮಗ್ಗಗಳು ನೂಲಿಲ್ಲದೆ ಸುಮ್ಮನಿದ್ದವು. ನಂಜಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದ. ಅವನ ಹೆಂಡತಿ ಗಂಗಮ್ಮ ನಮಗೆ ಮಜ್ಜಿಗೆ ಕೊಟ್ಟು, ಗಂಟನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೊರಗಿ ಕೂತಳು. ನೇಯುವುದು ಅವನು, ನೂಲು ಬೇರ್ಪಡಿಸಿ ಸುತ್ತುವುದು ಅವಳ ಕೆಲಸ. ಒಬ್ಬೊಬ್ಬರ ಕೈಯ ನೂಲು ಒಂದೊಂದು ಥರ ಜಗ್ಗುತ್ತದಂತೆ. ನೋಡದೆ ಬೆರೆಸಿದರೆ ನೂಲಿಗೆ ಗಂಜಿ ಹಾಕಿ ಒಣಗಿಸುವಾಗ ಕೆಲವು ಎಳೆ ಬಿಗಿದು ಕೆಲವು ಜೋಲುತ್ತವೆ, ಸೀರೆ ಸೊಟ್ಟಗಾಗುತ್ತದೆ. ಇದನ್ನು ಕೇಳಿ ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

ಒಂದೊಂದು ಎಳೆಯನ್ನೂ ಉಗುಳಿನಿಂದ ಒದ್ದೆ ಮಾಡಿ, ಎರಡು ಬೆರಳಲ್ಲಿ ಬಿಚ್ಚಿ ನೋಡಿದಳು. ನಾಲ್ಕು ಕಟ್ಟು ಬಲಕ್ಕೆ ಹೋದವು. ನನ್ನದನ್ನು ಎತ್ತಿಕೊಂಡಳು. ಮೂಸಿದಳು ಕೂಡ, ಪುಣ್ಯಾತ್ಗಿತ್ತಿ.

"ಇದು ತಕಲೀದಲ್ಲ ಕಣಮ್ಮೋರೇ, ರಾಟೆ ನೂಲು. ಜೈಲ್ನಾಗೆ ರಾಟೆ ಕೊಡ್ತಾರಾ?"

ಅತ್ತಿಗೆ ನನ್ನ ಕಡೆ ತಿರುಗಿದರು. ನನ್ನ ಮುಖವೇ ಎಲ್ಲ ಹೇಳಿತ್ತು. ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಅಳುತ್ತಾ, ಬಂದವರು ಹೇಳಿದ ಜ್ವರದ ಸುದ್ದಿ, ಆಸ್ಪತ್ರೆ, ಅಟ್ಟದ ಚರಕ ಎಲ್ಲವನ್ನೂ ಒದರಿದೆ. ಬೈಯಲಿ, ಹೊಡೆಯಲಿ, ಇನ್ನು ಹೆದರುವುದೇನೂ ಉಳಿದಿಲ್ಲ ಎಂದುಕೊಂಡೆ.

ಗಂಗಮ್ಮ ನನ್ನ ಕಟ್ಟನ್ನು ಎಡಕ್ಕಿಟ್ಟಳು. ನಾನು ಮುಗಿಸಿದ ಮೇಲೆ, ಉಳಿದಿದ್ದ ಐದನೆಯ ತಿಂಗಳ ಕಟ್ಟನ್ನು ಬಿಚ್ಚಿ ನೋಡಿ, ಬಲಕ್ಕೂ ಇಡದೆ, ನನ್ನದರ ಪಕ್ಕಕ್ಕೂ ಇಡದೆ, ಬೇರೆಯಾಗಿಯೇ ನೆಲದ ಮೇಲಿಟ್ಟಳು.

"ಇದು ತಕಲೀದೇ. ಆದ್ರೆ ಯಜಮಾನ್ರ ಕೈ ಅಲ್ಲ. ಇನ್ಯಾರೋ ಗಟ್ಟಿ ಕೈಯೋರು."

ಅತ್ತಿಗೆ ಆ ಮೂರು ಗುಂಪುಗಳನ್ನು ಬೆರಳಿಟ್ಟು ಎಣಿಸಿದರು.

"ಪದ್ದೂ, ನೀನು ನೂತಿದ್ದು ಎಷ್ಟೇ?"

"ಒಂದೇ ಅತ್ತಿಗೆ. ಆರನೇದು ಮಾತ್ರ."

ನನ್ನಂತೆಯೇ ಸೆರೆಮನೆಯೊಳಗೂ ಯಾರೋ ಅಣ್ಣನ ಹೆಸರಿನಲ್ಲಿ ನೂತಿದ್ದರು. ಹಾಗಾದರೆ ಅವನ ಕೈ ನಿಂತು ಒಂದು ತಿಂಗಳಲ್ಲ, ಎರಡು. ಅಷ್ಟು ದಿನ ಮಲಗಿದ್ದರೆ ಅದೆಂಥ ಜ್ವರ? ಇದ್ದಾನೋ ಇಲ್ಲವೋ? ಅಲ್ಲಿಯವರೆಗೆ ಪಟ್ಟದ್ದು ಹೆದರಿಕೆಯೇ ಅಲ್ಲ ಎಂದು ಆಗ ತಿಳಿಯಿತು.

ಅತ್ತಿಗೆ ಅಳಲಿಲ್ಲ. ನಾಲ್ಕು ಕಟ್ಟಿನಲ್ಲಿ ಎಷ್ಟಾಗುತ್ತದೋ ಅಷ್ಟು ನೇಯ್ದಿಡು, ಸೆರಗಿನ ನೂಲು ಆಮೇಲೆ ತರುತ್ತೇನೆ ಎಂದು ನಂಜಪ್ಪನಿಗೆ ಹೇಳಿದರು. ಮಗ್ಗ ಕಾಯುತ್ತೆ ತಾಯಿ ಎಂದ ಅವನು. ಗಂಗಮ್ಮ ಅತ್ತಿಗೆಯ ಹಣೆಗೆ ಕುಂಕುಮವಿಟ್ಟು ಕಳಿಸಿದಳು.

ಮರಳುವ ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ಅತ್ತಿಗೆ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದರು. ಬೆಂಗಳೂರಿಗೆ ಬಂದಾಗ ಸಂಜೆ ಐದು. ಜಟಕಾದವನು ಎಲ್ಲಿಗೆ ಎಂದಾಗ ಸೆರೆಮನೆಗೆ ಎಂದರು. ನೀನು ಮನೆಗೆ ಹೋಗು ಎಂದು ನನಗೆ ಹೇಳಿದರು. ಹಿಡಿದುಕೊಂಡು ಹೋದರೆ ಇಬ್ಬರನ್ನೂ ಹಿಡಿಯಲಿ ಎಂದು ನಾನೂ ಹತ್ತಿ ಕೂತೆ.

ಕಬ್ಬಿಣದ ಬಾಗಿಲಿನ ಕಿಂಡಿಯಲ್ಲಿ ಒಬ್ಬ ಮುದುಕ ಜಮಾದಾರ ಮುಖ ತೋರಿಸಿದ. ನೂಲು ಬರಲಿಲ್ಲವೆಂದು ಕೇಳಲು ಬಂದಿರಾ, ಈ ತಿಂಗಳು ಇಲ್ಲವಲ್ಲ ಎಂದ.

"ನೂಲು ಬೇಡಪ್ಪ," ಎಂದರು ಅತ್ತಿಗೆ, "ಅವರ ಕೈ ತೋರಿಸು, ಸಾಕು."

ಅವನು ಒಳಗೆ ಹೋದ. ಎಷ್ಟು ಹೊತ್ತೋ ಲೆಕ್ಕವಿಲ್ಲ. ಬಂದು, ಆಸ್ಪತ್ರೆ ವಾರ್ಡಿನಲ್ಲಿದ್ದಾರೆ, ಎದ್ದು ಕೂರುವ ಹಾಗಿಲ್ಲ, ಒಬ್ಬರೇ ಬನ್ನಿ, ಐದೇ ನಿಮಿಷ ಎಂದ. ಅತ್ತಿಗೆ ಗಂಟನ್ನು ನನ್ನ ಕೈಗಿಟ್ಟು, ಸೆರಗು ಬಿಗಿದು, ತಲೆ ತಗ್ಗಿಸಿ ಆ ಚಿಕ್ಕ ಬಾಗಿಲಿನೊಳಗೆ ನುಗ್ಗಿದರು. ಹಿಂದೆ ತಿರುಗಿ ನೋಡಲಿಲ್ಲ.

ಗಂಟಿನಲ್ಲಿ ಎರಡು ಕಟ್ಟು ಉಳಿದಿದ್ದವು. ಒಂದು ನನ್ನದು. ಇನ್ನೊಂದು ಯಾರು ನೂತದ್ದೆಂದು ಇಂದಿಗೂ ತಿಳಿಯದು. ಐದು ನಿಮಿಷ ಕಳೆದರೂ ಅತ್ತಿಗೆ ಬರದೆ, ಕತ್ತಲಾಗುವವರೆಗೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾ ನಿಂತಿದ್ದೆ.