ನೀರಿನ ಕೆಳಗೆ ಕಿವಿ ಇಳಿಸುತ್ತಿದ್ದ ಕಾಕಾ

ತಂಬೂರಿಯ ಗವಸನ್ನು ಒಗೆಯಲು ಹಾಕೋಣವೆಂದು ಮೊನ್ನೆ ಜಾಡಿಸಿದೆ. ತಳದಿಂದ ಒಂದು ಹಳೆಯ ಹೆಡ್‌ಫೋನ್ ಬಿತ್ತು. ಕಿವಿಯ ಮೇಲೆ ಕೂರುವ ಕರಿ ಮೆತ್ತೆ ಮುಟ್ಟಿದರೆ ಪುಡಿಪುಡಿ. ಮೂಗಿಗೆ ಹಿಡಿದೆ. ಹಳೇ ರಬ್ಬರಿನ ವಾಸನೆ, ಅದರ ಹಿಂದೆ ಕೊಬ್ಬರಿ ಎಣ್ಣೆಯದು... ಅಯ್ಯ, ಕಾಕಾ! ಎಂದು ಬಾಯಿಬಿಟ್ಟೇ ಅಂದೆ.

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಸಂಬಂಧಿಕರೇನಲ್ಲ, ಆದರೂ ಬಾಯಿತುಂಬ ಕಾಕಾ ಎನ್ನುತ್ತಿದ್ದೆ. ಅವರ ಹೆಂಡತಿ, ಕಾಕು, ನನಗೆ ಹಾಡು ಕಲಿಸಿದವರು. ನೌಕಾಪಡೆಯ ಹೆಲಿಕಾಪ್ಟರಿನಲ್ಲಿ ಕೂತು ನೀರೊಳಗಿನ ಸಬ್‌ಮರೀನ್ ಹುಡುಕುವುದು ಕಾಕಾನ ಕೆಲಸವಾಗಿತ್ತು. ನಿವೃತ್ತರಾಗಿ ಬಂದ ಮೇಲೆ, ಸಮುದ್ರದ ಸುದ್ದಿಯೇ ಇಲ್ಲದ ನಮ್ಮೂರಲ್ಲಿ ಅದನ್ನೆಲ್ಲ ಯಾರಿಗೆ ಹೇಳಬೇಕು? ಸಿಕ್ಕವಳು ನಾನು. ಹಿತ್ತಲಿನ ಬಾವಿಗೆ ಕೊಡ ಬಿಟ್ಟು ತೋರಿಸುತ್ತಿದ್ದರು.

"ನೋಡವಾ, ಹೆಲಿಕಾಪ್ಟರ್ ನೀರಿನ ಮ್ಯಾಲ ಅಲುಗಾಡದಂಗ ನಿಂತಿರ್ತದ. ಕೇಬಲ್ಲಿಗೆ ಕಟ್ಟಿ ಸೋನಾರ್ ಅಂತ ಒಂದು ಗುಂಡು ಇಳಸ್ತೀವಿ. ಅದು ಕೂಗ್ತದ, ಕೂಗು ಸಬ್‌ಮರೀನಿಗೆ ಬಡದು ತಿರುಗಿ ಬರ್ತದ. ಮ್ಯಾಲಿನ ನೀರು ಬೆಚ್ಚಗ, ಕೆಳಗಿಂದು ತಣ್ಣಗ. ಕಳ್ಳ ಆ ತಣ್ಣನ್ನ ನೀರಾಗ ಅಡಗ್ತಾನ. ಅಲ್ಲಿತನಕಾ ಕಿವಿ ಇಳಸಬೇಕು."

ಹೆಡ್‌ಫೋನ್ ಹಾಕಿಕೊಂಡು ಆ ಸದ್ದು ಕೇಳುವಾಗ ಅವರು ಎಡಗೈ ಎತ್ತುತ್ತಿದ್ದರು. ಹೆಲಿಕಾಪ್ಟರಿನಲ್ಲಿ ಆ ಕೈ ಎದ್ದರೆ ಯಾರೂ ಪಿಟ್ಟೆನ್ನುವಂತಿರಲಿಲ್ಲವಂತೆ. ಸದ್ದು ದೊರೆತರೆ "ಸಿಕ್ತು" ಅಂದು ಕೈ ಇಳಿಸುವುದು. ಮನೆಯಲ್ಲೂ ಅದೇ ಕಥೆ. ಕಾಕು ತಂಬೂರಿ ಶ್ರುತಿ ಮಾಡಿ ಷಡ್ಜ ಹಿಡಿದರೆ ಸಾಕು, ಒಳಗಿನಿಂದ ಬಂದು ಕೈ ಎತ್ತಿ ನಿಲ್ಲುವರು. ಕುಕ್ಕರ್ ಎಷ್ಟು ಕೂಗಿದರೂ ನಾನು ಏಳುವ ಹಾಗಿಲ್ಲ.

"ಇದು ಮನೀರಿ, ಸಮುದ್ರ ಅಲ್ಲ. ಕೈ ಇಳಸ್ರಿ, ಅನ್ನ ಸೀದೀತು," ಎಂದು ಕಾಕು ನಗುತ್ತಿದ್ದರು. ಹಾಗಂತ ಆ "ಸಿಕ್ತು" ಬರದೆ ಅವರು ಮುಂದಿನ ಸ್ವರಕ್ಕೂ ಹೋಗುತ್ತಿರಲಿಲ್ಲ, ಅದೂ ಖರೆ.

ವರ್ಷಗಟ್ಟಲೆ ಹೆಲಿಕಾಪ್ಟರಿನ ಗದ್ದಲ ತಿಂದಿದ್ದವು ಕಾಕಾನ ಕಿವಿ. ಮೊದಲು ಗುಬ್ಬಿಗಳ ಸದ್ದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ. ಒಂದು ದಿನ ಕಾಕು ಹಾಡು ನಿಲ್ಲಿಸಿದ ಮೇಲೂ ಕಾಕಾನ ಕೈ ಮೇಲೆಯೇ ಇತ್ತು. ಕಾಕು ತಾವೇ ಆ ಕೈ ಹಿಡಿದು ಕೆಳಗಿಳಿಸಿದರು.

ಕಿವಿಗೆ ಹಾಕುವ ಮಶೀನು ತಂದರು. "ಡಬ್ಬಿಯಾಗ ಕಲ್ಲು ಹಾಕಿ ಅಲಗಾಡಿಸಿದಂಗ ಕೇಳ್ತದ ನಿನ್ನ ದನಿ," ಎಂದು ಕಾಕುವಿಗೆ ಹೇಳಿ ತೆಗೆದಿಟ್ಟರು. ನನ್ನೆದುರು ಮಾತ್ರ, "ಉಳಿದದ್ದೆಲ್ಲಾ ಹೋಗ್ಲಿ. ಇಕಿ ದನಿ ಒಂದು ಉಳದ್ರ ಸಾಕಿತ್ತು ನೋಡು," ಅಂದರು. ತಂಬೂರಿಯ ಬುರುಡೆಗೆ ಹಣೆ ಆನಿಸಿ ಕೂತು ನೋಡಿದರು. ತಂತಿ ಕೇಳಿತು, ಕಾಕುವಿನ ದನಿ ಕೇಳಲಿಲ್ಲ.

ಆಗ ಕಾಕು ನನ್ನತ್ತ ತಿರುಗಿದರು. "ನೀ ಆ ಗ್ವಾಡಿ ಕಡೆ ಮುಖ ಮಾಡಿ ಕೂಡು. ತಿರುಗಿ ನೋಡಿದಿ ಅಂದ್ರ ನಾಳಿಂದ ಪಾಠಕ್ಕ ಬರಬ್ಯಾಡ."

ಗಂಡನ ಹೆಸರು ಹೇಳಲೂ ನಾಚುತ್ತಿದ್ದ ಹೆಂಗಸು! ನಾನು ತಿರುಗಿ ಕೂತೆ. ಓರೆಗಣ್ಣಿನಲ್ಲಿ ನೋಡಿದೆ, ಸುಳ್ಳೇಕೆ ಹೇಳಲಿ. ಕಾಕಾ ಹಿಂದೆ ಕೂತು ಕಾಕುವಿನ ಬೆನ್ನಿಗೆ ಹಣೆ ಊರಿದ್ದರು, ಎಡಗೈ ಮೇಲೆತ್ತಿದ್ದರು. ಕಾಕು ಕಣ್ಣು ಮುಚ್ಚಿ ಮಂದ್ರದ ಷಡ್ಜ ಹಿಡಿದರು. ಬಹಳ ಹೊತ್ತು...

"ಸಿಕ್ತು," ಎಂದರು ಕಾಕಾ. ಕೈ ಇಳಿಸಿದರು. "ಇಷ್ಟು ಕೆಳಗ ಇದ್ದೆಲ್ಲಾ ನೀ."

ಅಂದಿನಿಂದ ನನ್ನ ಪಾಠವೆಲ್ಲ ಗೋಡೆಯ ಕಡೆಗೇ. ಆ ಸುಣ್ಣದ ಬಿರುಕುಗಳೂ ನನಗೆ ಬಾಯಿಪಾಠವಾಗಿದ್ದವು. ಅಂಥ ಪಾಠ ಇನ್ನೊಮ್ಮೆ ಸಿಗುವುದಾದರೆ ಇವತ್ತೂ ಹೋಗಿ ಗೋಡೆ ನೋಡುತ್ತ ಕೂತೇನು.

ಮೊದಲು ಹೋದವರು ಕಾಕು. ಆಮೇಲೆ ಕಾಕಾ ನನ್ನನ್ನು ಕರೆದು ತಂಬೂರಿ ಮೀಟಲು ಹೇಳುತ್ತಿದ್ದರು. ಬುರುಡೆಗೆ ಹಣೆಯಿಟ್ಟು ಕೈ ಎತ್ತಿ ಕೂರುವರು. ನನ್ನ ಕಾಲು ಜೋಮು ಹಿಡಿದರೂ ಆ ಕೈ ಇಳಿಯುತ್ತಿರಲಿಲ್ಲ. ಒಮ್ಮೆ ತಡೆಯಲಾರದೆ ಅವರ ಕಿವಿಗೆ ಬಾಯಿಟ್ಟು ಕೂಗಿದೆ, "ನಾ ಹಾಡ್ಲೇನ್ರಿ, ಕಾಕಾ?"

ತಲೆ ಅಲ್ಲಾಡಿಸಿದರು. "ಬ್ಯಾಡವಾ. ಆಕಿ ಬರೂ ಹೊತ್ತಿಗೆ ಗದ್ದಲ ಇರಬಾರ್ದು."

ಮತ್ತೆಂದೂ ಅವರ ಬಾಯಿಂದ "ಸಿಕ್ತು" ಕೇಳಲಿಲ್ಲ. ಕೊನೆಗೆ ತಂಬೂರಿಯನ್ನು ನನ್ನ ಮನೆಗೆ ಕಳಿಸಿದರು. ಹೆಡ್‌ಫೋನನ್ನು ಗವಸಿನ ತಳಕ್ಕೆ ಯಾವಾಗ ಸೇರಿಸಿದರೋ, ಗೊತ್ತೇ ಆಗಿರಲಿಲ್ಲ...

ಗವಸು ಒಗೆಯುವ ಕೆಲಸ ಹಾಗೇ ಉಳಿಯಿತು. ತಂಬೂರಿ ಮೀಟಿ, ಬುರುಡೆಗೆ ಹಣೆ ಆನಿಸಿದೆ. ಅವರಿಬ್ಬರೂ ಹೋದ ಆಳಕ್ಕೆ ನನ್ನ ಕಿವಿ ಇಳಿಯುವುದಿಲ್ಲ, ಬಲ್ಲೆ. ಆದರೂ ಎಡಗೈ ತಾನಾಗಿ ಮೇಲೆದ್ದಿತು.

ಮಗಳು ಬಾಗಿಲಿಗೆ ಬಂದು ನಿಂತಳು. "ಅವ್ವಾ, ಏನಾತು? ಅನ್ನ ಸೀಯಾಕತ್ತೈತಿ."

ನಾನು ಕೈ ಇಳಿಸಲಿಲ್ಲ. ಆ ಕೈ ಎದ್ದಿರುವಾಗ ಮಾತಾಡುವ ಹಾಗಿಲ್ಲ.