ಧನಲಕ್ಷ್ಮಮ್ಮನ ಇಬ್ಬರು ಪೈಲ್ವಾನರು

ಕಾಯಿ ಕೊಳ್ಳುವವನು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಗಡಗಡ ಅನ್ನುತ್ತದೆ, ನೀರು ಉಳಿದಿದ್ದರೆ ಗುಳುಗುಳು. ಮನುಷ್ಯರನ್ನು ಹಾಗೆ ಅಲ್ಲಾಡಿಸುವಂತಿಲ್ಲವಲ್ಲ, ಅದಕ್ಕೆ ನಾನು ಕಣ್ಣಲ್ಲೇ ತೂಗುತ್ತೇನೆ. ತಿಪಟೂರಿನಲ್ಲಿರುವ ನನ್ನ ಕೊಬ್ಬರಿ ಅಂಗಡಿಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಧನಲಕ್ಷ್ಮಿ ಬಂದ ದಿನ ತೂಗಿದ್ದು ಹೀಗೆ: ವಯಸ್ಸು ನಲವತ್ತರ ಆಚೀಚೆ. ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಕನ್ನಡಕದ ಒಂದು ಕಾಲು ಮುರಿದು ದಾರ ಸುತ್ತಿದೆ, ಆದರೆ ದಾರದ ಬಣ್ಣ ಸೀರೆಗೆ ಹೊಂದುತ್ತದೆ. ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿದೆ. ಮಾತು ಮೆಲ್ಲಗೆ. ಎರಡನೇ ದರ್ಜೆ ಮಾಲು, ಗಲಾಟೆ ಇಲ್ಲದ್ದು ಎಂದು ಮನಸ್ಸಿನಲ್ಲೇ ದರ ಕಟ್ಟಿ ಬೀಗದ ಕೈ ಕೊಟ್ಟೆ.

ಧನಲಕ್ಷ್ಮಿ ತುರುವೇಕೆರೆಯವರು. ಅಣ್ಣನ ಮನೆಯಲ್ಲಿ ಇದ್ದವರು, ತನ್ನದೊಂದು ಬಾಗಿಲು ಇರಲಿ ಎಂದು ಇಲ್ಲಿಗೆ ಬಂದರು. ಹೊಲಿಗೆ, ಕಸೂತಿ ಕಲಿಸುವ ಕೆಲಸ. ಮೊದಲೆರಡು ವರ್ಷ ಮಹಡಿ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳ ಚಪ್ಪಲಿ ಹಿಡಿಯುತ್ತಿರಲಿಲ್ಲ. ಆಮೇಲೆ ಪೇಟೆಗೆ ರೆಡಿಮೇಡ್ ಬಟ್ಟೆ ಬಂತು, ಚಪ್ಪಲಿ ಕಮ್ಮಿಯಾದವು. ತೊಂಬತ್ತನಾಲ್ಕರ ಹೊತ್ತಿಗೆ ಮೆಟ್ಟಿಲ ಮೇಲೆ ಇರುತ್ತಿದ್ದದ್ದು ಅವರದೇ ಒಂದು ಜೊತೆ.

ಆಗ ಒಂದು ದಿನ ಆಟೋದಲ್ಲಿ ಒಂದು ರಟ್ಟಿನ ಪೆಟ್ಟಿಗೆ ತಂದಿಳಿಸಿದರು. ಒಳಗೆ ಬೆಂಗಳೂರಿನ ಯಾವುದೋ ಶಾಲೆ ಕೈಬಿಟ್ಟಿದ್ದ, ಹತ್ತು ವರ್ಷ ಹಳೆಯ ಕಂಪ್ಯೂಟರು. ಅಂದರೆ ಒಂದು ದಪ್ಪ ಕೀಲಿಮಣೆ. ಮೆದುಳೆಲ್ಲ ಅದರ ಹೊಟ್ಟೆಯಲ್ಲೇ. ಟೀವಿಗೆ ಸಿಕ್ಕಿಸಬೇಕು, ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ ಓಡಿಸಿ ಅದಕ್ಕೆ ಪಾಠ ತುಂಬಬೇಕು. ತುಂಬುವಾಗ ಅದು ಕಿರಿಚುವ ಸದ್ದಿಗೆ ನಮ್ಮ ಅಂಗಳದಲ್ಲಿ ಕಾಯಿ ಸುಲಿಯುವ ಚಿಕ್ಕರಂಗಯ್ಯ ಬೆಕ್ಕು ಸಿಕ್ಕಿಹಾಕಿಕೊಂಡಿದೆ ಎಂದು ಏಣಿ ತಂದಿದ್ದ.

“ಎಷ್ಟಕ್ಕೆ ಬಿತ್ತಮ್ಮ ಇದು?” ಎಂದು ಕೇಳಿದೆ.

“ದುಡ್ಡಿಲ್ಲ ಸಾಹುಕಾರ್ರೇ. ಹೊಲಿಗೆ ಮಿಷನ್ ಎರಡು ಕೊಟ್ಟು ತಂದೆ.”

“ಅನ್ನ ಕೊಡೋ ಮಿಷನ್ ಕೊಟ್ಟು ಆಟದ ಸಾಮಾನು ತಂದ್ರಾ?”

“ಇನ್ನೂ ಒಂದು ಮಿಷನ್ ಅದೆ ಬುಡಿ,” ಎಂದು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಅದನ್ನು ಕಲಿಯುವುದು ಅವರಿಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾವು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಸೂತಿಯೆಂದರೆ ಚೌಕುಳಿ ಕಾಗದದ ಮೇಲೆ ಮನೆ ಮನೆ ತುಂಬುವುದು. ಆ ಕಂಪ್ಯೂಟರಿನ ಚಿತ್ರವೂ ಅದೇ. ಯಾವ ಮನೆ ತುಂಬಿದೆ, ಯಾವುದು ಖಾಲಿ ಎಂದು ಅಂಕಿಯಲ್ಲಿ ಹೇಳಬೇಕು, ಅಷ್ಟೆ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಆರು ತಿಂಗಳಲ್ಲಿ ಮುಗಿಸಿದರು. ಮುಗಿಸಿ, ‘ಕಂಪ್ಯೂಟರ್ ತರಗತಿ’ ಎಂದು ಬೋರ್ಡು ಬರೆಸಿದರು. ಒಬ್ಬರೂ ಬರಲಿಲ್ಲ. ಕಸೂತಿ ಅಮ್ಮನ ಹತ್ತಿರ ಕಂಪ್ಯೂಟರು ಕಲಿಯುವುದೆಂದರೆ ಕ್ಷೌರದಂಗಡಿಯಲ್ಲಿ ಸಂಗೀತ ಕಲಿತ ಹಾಗೆ ಎಂದು ಪೇಟೆ ತೀರ್ಮಾನಿಸಿಬಿಟ್ಟಿತ್ತು.

ಉಳಿದದ್ದು ಒಂದೇ ದಾರಿ. ನಮ್ಮ ಬೀದಿಯ ಹೆಣ್ಣುಮಕ್ಕಳ ಶಾಲೆಗೆ ಒಂದು ಸಮಿತಿಯಿತ್ತು. ಪರಮಶಿವಯ್ಯನವರು ಅಧ್ಯಕ್ಷರು, ನಾನೂ ಸೇರಿ ಐವರು ಸದಸ್ಯರು. ಒಂಬತ್ತನೇ ತರಗತಿಯ ಮಕ್ಕಳನ್ನು ಶನಿವಾರ ಶನಿವಾರ ತನ್ನ ಹತ್ತಿರ ಕಳಿಸಿ ಎಂದು ಧನಲಕ್ಷ್ಮಿ ಅದಕ್ಕೆ ಅರ್ಜಿ ಕೊಟ್ಟರು. ಕಳಿಸಿದರೆ ತರಗತಿ ಉಳಿಯುತ್ತದೆ. ಇಲ್ಲವಾದರೆ ಜೂನ್‌ಗೆ ಕೋಣೆ ಬಿಟ್ಟು ಅಣ್ಣನ ಮನೆಗೆ ವಾಪಸ್. ಅದನ್ನು ಅವರು ಅರ್ಜಿಯಲ್ಲಿ ಬರೆದಿರಲಿಲ್ಲ, ನನಗೆ ಗೊತ್ತಿತ್ತು. ಕೋಣೆ ಖಾಲಿಯಾದರೆ ಕೊಬ್ಬರಿ ಹರಡಬಹುದು ಎಂಬ ಲೆಕ್ಕವೂ ನನ್ನ ತಲೆಯಲ್ಲಿತ್ತು.

ಸಮಿತಿಗೆ ಏನು ತೋರಿಸುವುದು? ರಂಗೋಲಿ ತೋರಿಸಿದರೆ ಗಂಡಸರು ಆಕಳಿಸುತ್ತಾರೆ ಎಂದು ಅವರೇ ಲೆಕ್ಕ ಹಾಕಿದರು. ಪರಮಶಿವಯ್ಯನವರು ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಇವತ್ತಿಗೂ ಎಲ್ಲಾದರೂ ಕುಸ್ತಿ ಎಂದರೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಡುವವರು. ಹಾಗಾಗಿ ಧನಲಕ್ಷ್ಮಿ ಕುಸ್ತಿ ಆಟ ಮಾಡಲು ಕೂತರು. ಇಬ್ಬರು ಪೈಲ್ವಾನರು, ಒಬ್ಬ ಕೆಂಪು ಚಡ್ಡಿ, ಒಬ್ಬ ಹಸಿರು ಚಡ್ಡಿ. ಇಬ್ಬರು ಕೂತು ಕೀಲಿ ಒತ್ತಿ ಗುದ್ದಾಡಿಸಬೇಕು. ಕುಸ್ತಿಯನ್ನು ಅವರು ಹತ್ತಿರದಿಂದ ಕಂಡವರಲ್ಲ. ಕಿಟಕಿಯಿಂದ ಕಾಣುತ್ತಿದ್ದವನು ಚಿಕ್ಕರಂಗಯ್ಯ. ಅವನು ಎರಡು ಕೈಯಲ್ಲಿ ಕಾಯಿ ಎತ್ತಿ, ಭುಜ ಬಗ್ಗಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಅಪ್ಪಳಿಸಿ ತಿರುವುವುದನ್ನೇ ಎಂಟು ಭಂಗಿಯಾಗಿ ಚೌಕುಳಿ ಕಾಗದದಲ್ಲಿ ಇಳಿಸಿದರು. ಅವರ ಪೈಲ್ವಾನ ಎದುರಾಳಿಯ ತಲೆಗೆ ಗುದ್ದುತ್ತಿದ್ದದ್ದು ಶುದ್ಧ ಕಾಯಿ ಸುಲಿಯುವ ಏಟು.

ಮೊದಲ ಪ್ರದರ್ಶನದ ದಿನ ನಾವು ಆರೂ ಜನ ಮಹಡಿ ಹತ್ತಿದೆವು. ಬಣ್ಣ ನೋಡಿ ಎಲ್ಲರೂ ಭೇಷ್ ಅಂದರು. ಆ ಯಂತ್ರದ ಎಂಟು ಬಣ್ಣ ದಾರದ ಹಾಗೆ ಕೈಗೆ ಸಿಕ್ಕ ಹೆಂಗಸು ಯಾವುದನ್ನೂ ವ್ಯರ್ಥ ಮಾಡಿರಲಿಲ್ಲ. ಹಿಂದೆ ತೆಂಗಿನ ತೋಟ, ಸಂಜೆ ಆಕಾಶ. ಆದರೆ ಪೈಲ್ವಾನರು ಅಲುಗಾಡಿದ ಕೂಡಲೇ ಮಿಣುಕಲು ಶುರುವಾಯಿತು. ಕೈ ಇರುತ್ತಿತ್ತು, ಇರುತ್ತಿರಲಿಲ್ಲ. ತಲೆ ಒಂದು ಸಲ ಹೋಗಿ ಬರುತ್ತಿತ್ತು.

ಪರಮಶಿವಯ್ಯ ಮೂಗಿನ ಮೇಲೆ ಕನ್ನಡಕ ಏರಿಸಿದರು. “ಏನಮ್ಮ ಧನಲಕ್ಷ್ಮಮ್ಮ, ಇಬ್ರಿಗೂ ಚಳಿಜ್ವರ ಬಂದದಾ?”

“ಸ್ವಲ್ಪ ಮಿಣುಕ್ತದೆ ಸ್ವಾಮಿ. ಸರಿಮಾಡ್ತೀನಿ.”

“ನನ್ ಕಣ್ಣೇ ಉರೀತದೆ ಕಣಮ್ಮ. ಮಕ್ಕಳನ್ನ ಕಳಿಸಿದ್ರೆ ಆಮೇಲೆ ಕಣ್ಣಿನ ಡಾಕ್ಟ್ರ ಹತ್ರನೂ ಕಳಿಸಬೇಕಾಯ್ತದೆ.” ಆಮೇಲೆ ನನ್ನ ಕಡೆ ತಿರುಗಿದರು. “ನೀವೇನಂತೀರಿ?”

“ಬೇಡ ಅನ್ನುಸ್ತದೆ,” ಎಂದೆ.

ಧನಲಕ್ಷ್ಮಿ ನನ್ನ ಕಡೆ ನೋಡಲಿಲ್ಲ. “ಹದಿನೈದು ದಿನ ಕೊಡಿ ಸ್ವಾಮಿ,” ಎಂದು ಪರಮಶಿವಯ್ಯನವರನ್ನೇ ಕೇಳಿದರು. ಅವರು ಕೊಟ್ಟರು.

ಮಿಣುಕಿಗೆ ಕಾರಣವೇನು ಎಂದು ಧನಲಕ್ಷ್ಮಿ ಆಮೇಲೆ ನನಗೆ ಬಿಡಿಸಿ ಹೇಳಿದ್ದಾರೆ. ಆ ಯಂತ್ರದಲ್ಲಿ ಚಿತ್ರ ಸರಿಯಬೇಕಾದರೆ ಹಳೆಯದನ್ನು ಅಳಿಸಿ, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಅವರು ಅದನ್ನು ಟೀವಿಯ ಮೇಲೆ, ಎಲ್ಲರ ಕಣ್ಣೆದುರಿಗೇ ಮಾಡುತ್ತಿದ್ದರು. ಅಳಿಸುವುದೂ ಕಾಣುತ್ತಿತ್ತು, ಬರೆಯುವುದೂ ಕಾಣುತ್ತಿತ್ತು. ಬರೆಯುವ ವೇಗ ಹೆಚ್ಚಿಸಿದರು. ಜ್ವರ ಇಳಿಯಿತು, ಬಿಡಲಿಲ್ಲ. ವಾರ ಕಳೆಯಿತು.

ಎಂಟನೇ ದಿನ ಹೊನ್ನವಳ್ಳಿಯ ದೊಡ್ಡಣ್ಣ ಒಂದು ಲಾರಿ ಕಾಯಿ ತಂದ. ಈಗೆಲ್ಲ ಮಂಡಿಯಲ್ಲಿ ಚೀಟಿ ಬರೆದು ಟೆಂಡರು ಹಾಕುತ್ತೇವೆ, ಆದರೆ ದೊಡ್ಡಣ್ಣನಿಗೂ ನನಗೂ ಅಪ್ಪಂದಿರ ಕಾಲದ ಚಾಳಿ. ಕೈಗಳ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ದರ ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು.

“ಮಳೆ ಹೆಂಗದೆ ನಿಮ್ ಕಡೆ?” ಎನ್ನುತ್ತಾ ನಾನು ಅವನ ಮೂರು ಬೆರಳು ಹಿಡಿದೆ.

“ಏನ್ ಮಳೆ ಬುಡ್ಲಾ, ಹನಿ ಹಾಕಿ ಹೋಯ್ತು,” ಎನ್ನುತ್ತಾ ಅವನು ಐದು ಬೆರಳನ್ನೂ ನನ್ನ ಕೈಗೆ ತುರುಕಿದ.

“ಮಗಳು ಚೆನ್ನಾಗವ್ಳಾ?” ನಾಲ್ಕು.

“ಚೆನ್ನಾಗವ್ಳೆ ಕಣ್ಲಾ.” ಟವೆಲ್ ತೆಗೆದೆವು. ವ್ಯಾಪಾರ ಮುಗಿದಿತ್ತು.

ಧನಲಕ್ಷ್ಮಿ ಬಿಂದಿಗೆ ಹಿಡಿದು ನಲ್ಲಿಗೆ ಹೊರಟವರು ಮೆಟ್ಟಿಲ ಮೇಲೇ ನಿಂತಿದ್ದರು. “ಸಾಹುಕಾರ್ರೇ, ಒಳಗೆ ಏನ್ ನಡೀತು?”

“ಜಗಳ ನಡೀತಮ್ಮ. ನಾನು ಅಳಿಸ್ದೆ, ಅವನು ಬರೆದ, ಅವನು ಅಳಿಸ್ದ, ನಾನು ಬರೆದೆ.”

“ಹೊರಗೆ ಕಾಣ್ಲಿಲ್ಲವಲ್ಲ.”

“ಕಾಣ್ಬಾರ್ದು ಅಂತಲೇ ಅಲ್ವಾ ಟವೆಲ್ ಹಾಕೋದು?” ಎಂದ ದೊಡ್ಡಣ್ಣ.

ಅವರು ಬಿಂದಿಗೆಯನ್ನು ಅಲ್ಲೇ ಇಟ್ಟು ಮೇಲೆ ಹೋದರು. ಬಿಂದಿಗೆ ಸಂಜೆವರೆಗೂ ಅಲ್ಲೇ ಇತ್ತು. ಕಡೆಗೆ ಚಿಕ್ಕರಂಗಯ್ಯನೇ ನೀರು ತುಂಬಿಸಿ ಇಟ್ಟ.

ಅವರ ಲೆಕ್ಕ ಇಷ್ಟು. ಒಂದೇ ಪರದೆ ಬದಲು ಎರಡು ಪರದೆ ಇಟ್ಟುಕೊಳ್ಳಬೇಕು. ಒಂದು ಟೀವಿಯಲ್ಲಿ ಕಾಣುತ್ತಿರುವಾಗ, ಇನ್ನೊಂದನ್ನು ಯಂತ್ರದ ನೆನಪಿನಲ್ಲಿ ಮುಚ್ಚಿಟ್ಟು ಅಳಿಸಿ ಬರೆದು ಮುಗಿಸಬೇಕು. ಮುಗಿದ ಮೇಲೆ ಎರಡನ್ನೂ ಅದಲುಬದಲು ಮಾಡಬೇಕು. ನೋಡುವವನ ಕಣ್ಣಿಗೆ ಬೀಳುವುದು ಮುಗಿದ ಚಿತ್ರ ಮಾತ್ರ. ತೊಂದರೆಯೆಂದರೆ ಆ ಯಂತ್ರದ ನೆನಪು ಬಲು ಚಿಕ್ಕದು. ಎಂಟು ಬಣ್ಣದ ಪರದೆ ಒಂದೇ ಅದರಲ್ಲಿ ಮುಕ್ಕಾಲು ಪಾಲು ತಿನ್ನುತ್ತಿತ್ತು. ಎರಡು ಹಿಡಿಯಬೇಕಾದರೆ ಬಣ್ಣ ಬಿಡಬೇಕು. ಎಲ್ಲ ಬಣ್ಣ. ಉಳಿಯುವುದು ಕಪ್ಪು, ಬಿಳುಪು.

ಇಪ್ಪತ್ತು ವರ್ಷ ಬಣ್ಣದ ದಾರದಲ್ಲಿ ಬದುಕಿದವರಿಗೆ ಇದು ಸಣ್ಣ ಮಾತಲ್ಲ. ಎರಡು ದಿನ ಕೆಳಗಿಳಿಯಲೇ ಇಲ್ಲ. ಮೂರನೇ ದಿನ ಇಳಿದು ಬಂದಾಗ ಕೇಳಿದೆ: “ಏನಾಯ್ತಮ್ಮ?”

“ತೋಟ ತೆಗೆದೆ. ಆಕಾಶನೂ ತೆಗೆದೆ,” ಎಂದರು, ಮನೆ ಸಾಮಾನು ಮಾರಿದವರ ಹಾಗೆ. “ಚಡ್ಡಿ ಬಣ್ಣನೂ ಹೋಯ್ತು. ಈಗ ಯಾರು ಯಾರು ಅಂತ ನನಗೇ ಗೊತ್ತಾಗ್ತಿಲ್ಲ.”

ಅದಕ್ಕೂ ಕಸೂತಿಯೇ ದಾರಿ ತೋರಿಸಿತು. ಒಬ್ಬನಿಗೆ ಒಂದು ಮನೆ ಬಿಟ್ಟು ಒಂದು ಮನೆ ತುಂಬಿ ಚೌಕುಳಿ ಚಡ್ಡಿ ಹೊಲಿದರು, ಇನ್ನೊಬ್ಬನಿಗೆ ಅಡ್ಡಪಟ್ಟೆ. ಮಿಣುಕು ಪೂರ್ತಿ ಹೋಯಿತು. ಆದರೆ ಹೊಸ ರೋಗ ಅಂಟಿತು: ಜೋರಾಗಿ ಓಡಿದಾಗ ಪೈಲ್ವಾನ ಸೊಂಟದಲ್ಲಿ ಎರಡಾಗುತ್ತಿದ್ದ, ಮೇಲರ್ಧ ಹಿಂದೆ, ಕೆಳಗರ್ಧ ಮುಂದೆ. ಟೀವಿ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಚಿತ್ರ ಬಿಡಿಸುತ್ತದಂತೆ. ಅರ್ಧ ಬಿಡಿಸಿದಾಗ ಪರದೆ ಬದಲಾದರೆ ಹೀಗೆ. ಅದು ಕೆಳಗೆ ಮುಟ್ಟಿ ಮತ್ತೆ ಮೇಲಕ್ಕೆ ಹೋಗುವ ಚೂರು ಹೊತ್ತಿಗೆ ಕಾದು ಬದಲಾಯಿಸಬೇಕು. “ಟವೆಲ್ ತೆಗಿಯಕ್ಕೂ ಒಂದು ಹೊತ್ತು ಅನ್ನೋದದೆ ಸಾಹುಕಾರ್ರೇ,” ಎಂದರು. ಪ್ರದರ್ಶನಕ್ಕೆ ಆಗ ಒಂದೇ ದಿನ ಉಳಿದಿತ್ತು.

ಎರಡನೇ ಸಲ ಪರಮಶಿವಯ್ಯನವರ ಜೊತೆ ಅವರ ಹೆಂಡತಿ ಶಿವರುದ್ರಮ್ಮನೂ ಬಂದಿದ್ದರು. ಚಿಕ್ಕರಂಗಯ್ಯ ಕರೆಯದೆಯೇ ಬಾಗಿಲಲ್ಲಿ ನಿಂತಿದ್ದ. ಕ್ಯಾಸೆಟ್ ಕಿರಿಚಿತು, ಪೈಲ್ವಾನರು ಎದ್ದು ನಿಂತರು.

“ಬಣ್ಣ ಎಲ್ಲಿ ಹೋಯ್ತಮ್ಮ? ಬರಿ ಸುಣ್ಣ ಮಸಿ!” ಪರಮಶಿವಯ್ಯನವರ ಮುಖ ಇಳಿಯಿತು.

“ಬಣ್ಣ ಕೊಟ್ಟು ನಡಿಗೆ ತಗೊಂಡೆ ಸ್ವಾಮಿ. ಆಡಿ ನೋಡಿ.”

“ಎದುರಿಗೆ ಯಾರು?”

“ನಾನು ಬತ್ತೀನಿ,” ಎಂದು ಶಿವರುದ್ರಮ್ಮ ಸೆರಗು ಸಿಕ್ಕಿಸಿ ಕೂತರು.

ಪಟ್ಟೆ ಚಡ್ಡಿಯವನು ನಡೆದ. ಕೆಸುವಿನ ಎಲೆ ಮೇಲೆ ನೀರಿನ ಹನಿ ಜಾರಿದ ಹಾಗೆ. ಚೌಕುಳಿಯವನು ಭುಜ ಬಗ್ಗಿಸಿ ಎರಡೂ ಕೈ ಎತ್ತಿದ. ಒಂದು ಬೆರಳೂ ಮಿಣುಕಲಿಲ್ಲ, ಸೊಂಟವೂ ಎರಡಾಗಲಿಲ್ಲ.

“ಅಯ್ಯಯ್ಯೋ, ಅದು ನಾನೇ ಕಣ್ರೀ!” ಎಂದು ಚಿಕ್ಕರಂಗಯ್ಯ ಬಾಗಿಲಿಂದ ಕೂಗಿದ. “ನಾನು ಹಿಂಗಾ ಬಗ್ಗೋದು? ಅದಕ್ಕೇ ಸೊಂಟ ಹಿಡೀತದೆ!”

ಪರಮಶಿವಯ್ಯ ಗರಡಿಯ ಪಟ್ಟು ನೆನೆಸಿಕೊಳ್ಳುತ್ತಿದ್ದರು. ಶಿವರುದ್ರಮ್ಮ ಏನನ್ನೂ ನೆನೆಸಿಕೊಳ್ಳದೆ ಒಂದೇ ಕೀಲಿಯನ್ನು ಒನಕೆ ಕುಟ್ಟಿದಂತೆ ಕುಟ್ಟಿದರು. ಮೂರು ಸುತ್ತು, ಮೂರರಲ್ಲೂ ಅಧ್ಯಕ್ಷರು ನೆಲ ಕಚ್ಚಿದರು.

“ಕೀಲಿ ಸರಿ ಇಲ್ಲ ಕಣೇ, ಅಂಟ್ತದೆ.”

“ಕೀಲಿ ಸರಿಯಾಗದೆ. ಒಂಬತ್ತನೇ ಕ್ಲಾಸ್ ಮಕ್ಕಳನ್ನ ಶನಿವಾರದಿಂದ್ಲೇ ಕಳಿಸಿ,” ಎಂದು ಶಿವರುದ್ರಮ್ಮ ಎದ್ದರು. “ನಾನೂ ಬತ್ತೀನಿ.”

ಸಮಿತಿಯ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆದಿದೆ. ಶನಿವಾರ ಮೂವತ್ತೆರಡು ಜೊತೆ ಚಪ್ಪಲಿ ಮೆಟ್ಟಿಲ ಮೇಲೆ ಬಿದ್ದು ನನ್ನ ಆಳುಗಳು ಎಡವಿ ಬೈದರು. ತರಗತಿ ಹನ್ನೊಂದು ವರ್ಷ ನಡೆಯಿತು. ಆ ಹಳೆಯ ಯಂತ್ರ ಕೆಟ್ಟು, ಬೇರೆ ಬಂದು, ಅದೂ ಹಳತಾಯಿತು. ಈಗ ಧನಲಕ್ಷ್ಮಿ ಊರ ಹೊರಗೆ ಎರಡು ಕೋಣೆಯ ಸ್ವಂತ ಮನೆ ಕಟ್ಟಿಕೊಂಡು ಅಲ್ಲೇ ಕಲಿಸುತ್ತಾರೆ. ಬಾಗಿಲಿಗೆ ಬಳಿಸಿರುವ ಬಣ್ಣಗಳನ್ನು ನಾನು ಎಣಿಸಲು ಹೋಗಲಿಲ್ಲ.

ಪೇಟೆಯಲ್ಲಿ ಈ ಕಥೆ ‘ಸಾಹುಕಾರ್ರು ಟವೆಲ್ ಹಾಕಿ ಕಂಪ್ಯೂಟರ್ ಸರಿಮಾಡಿದ್ದು’ ಎಂದು ಓಡಾಡುತ್ತದೆ. ನಾನು ಇಷ್ಟು ವರ್ಷ ಇಲ್ಲ ಎನ್ನದೆ ಮೀಸೆ ನೀವಿಕೊಂಡೆ. ನಾನು ಅವತ್ತು ಮಾಡಿದ್ದು ಕಾಯಿ ಕೊಂಡದ್ದು ಮಾತ್ರ. ಉಪಾಯ ಅವರದು, ದುಡಿಮೆ ಅವರದು, ಕಳೆದುಕೊಂಡ ಬಣ್ಣವೂ ಅವರದು. ಅವರ ಬಾಗಿಲು ಮುಚ್ಚುತ್ತದೆ ಎಂದು ಗೊತ್ತಿದ್ದೂ ಮೊದಲ ಸಭೆಯಲ್ಲಿ ನಾನು ಬೇಡ ಅಂದಿದ್ದೆ. ಅದಕ್ಕೆ ಅವರ ಕ್ಷಮೆ ಕೇಳಬೇಕು, ಇನ್ನೂ ಕೇಳಿಲ್ಲ.